ಶರಾ

ಬಂದರಿನ ಐಸ್ ಪ್ಲಾಂಟಿನಲ್ಲಿ ನಾನು ಲೆಕ್ಕ ಬರೆಯುವವ.
ಎಷ್ಟು ಬ್ಲಾಕ್ ಹೋಯಿತು, ಎಷ್ಟು ಕರಗಿತು,
ಯಾವ ಬೋಟಿನವ ಸಾಲ ಹೇಳಿದ.
ಮಂಗಳೂರಿನಲ್ಲಿ ಚಳಿ ಅಂತ ಇರುವುದು ಇಲ್ಲಿ ಮಾತ್ರ,
ಅದನ್ನೂ ಪುಡಿ ಮಾಡಿ ಮಾರುತ್ತೇವೆ.

ಶುಕ್ರವಾರ ಬೋಳಾರದಿಂದ ಎಮಿಲ್ಡಾ ಬಾಯಿ ಬರುತ್ತಾರೆ,
ಮೀನಿನ ತೊಟ್ಟೆಗೆ ಒಂದು ಮುಷ್ಟಿ ಐಸು.
ಇಂಗ್ಲೆಂಡಿನ ಒಂದು ಗಣಿಯೂರಿನಲ್ಲಿ
ಮೂರು ಚಳಿಗಾಲ ನರ್ಸ್ ಆಗಿದ್ದವರು.
ಇಸುಬು ಬರಿಗೈಯಲ್ಲಿ ಬ್ಲಾಕ್ ಎತ್ತುವುದನ್ನು ನೋಡಿ
ಸೆರಗು ಎಳೆದು ಹೊದ್ದುಕೊಂಡು ಹೇಳಿದರು:
"ನಾನು ನೆಶ್, ಮಾರಾಯ. ಭಾರೀ ನೆಶ್."

ಎಂತದು ಬಾಯಿ ಅದು?

ಅಲ್ಲಿ ಒಬ್ಬ ಮುದುಕ ಇದ್ದನಂತೆ,
ಎದೆಯೊಳಗೆಲ್ಲ ಕಲ್ಲಿದ್ದಲು.
ಯೂನಿಫಾರ್ಮಿನ ಅಡಿಗೆ ಎರಡು ಸ್ವೆಟರ್ ತುರುಕಿ ಬಂದ ಇವರನ್ನು ಕಂಡರೆ
ನೆಶ್, ನೆಶ್ ಎನ್ನುತ್ತಿದ್ದ.
ನರ್ಸ್ ಎಂದೇ ಕರೆಯುವುದು, ಹಲ್ಲಿಲ್ಲ ಪಾಪ ಎಂದು
ಒಂದು ತಿಂಗಳು ಪೂರ್ತಿ ಇವರು ಓಗೊಟ್ಟರು.
ಬೈಗುಳ ಎಂದು ಗೊತ್ತಾದ ದಿನ
ಬೆಡ್‌ಪ್ಯಾನ್ ಬಿಸಿನೀರಲ್ಲಿ ತೊಳೆಯದೆ ಇಟ್ಟರಂತೆ.

ಚಳಿ ತಡೆಯದ ಪುಕ್ಕಲ, ಅಷ್ಟೇ ಅರ್ಥ.
ಆದರೆ ಹಳೇ ಕಾಲದಲ್ಲಿ ಹಾಗಲ್ಲ.
ಆಸ್ಪತ್ರೆಯ ಪಾದ್ರಿ ದಪ್ಪ ನಿಘಂಟು ಬಿಚ್ಚಿ ತೋರಿಸಿದ್ದ:
ಸಾವಿರ ವರ್ಷದ ಹಿಂದೆ ಅದು ಬರೀ ಮೆದು.
ಮುಂದೆ ಒಂದು ಹಕಾರ ಕೂಡ ಇತ್ತು, ಹ್ನೆಶೆ ಅಂತೇನೋ,
ಬಿಸಿ ಗಂಜಿಗೆ ಊದಿದ ಹಾಗೆ ಊದಿ ಹೇಳಬೇಕಿತ್ತು.
ಆ ಉಸಿರು ದಾರಿಯಲ್ಲೆಲ್ಲೋ ಬಿತ್ತು.

ನಮ್ಮಲ್ಲಿ ಪೂವು ಹೂವಾಯಿತಲ್ಲ ಬಾಯಿ
(ದೂಮಣ್ಣ ಇವತ್ತಿಗೂ ಪೂ ಎನ್ನುತ್ತಾನೆ),
ಅವರಿಂದ ಬಿದ್ದ ಹಕಾರ ನಮಗೆ ಸಿಕ್ಕಿತೋ ಏನೋ ಎಂದೆ.
ನಕ್ಕರು. "ಹಡಗಿನಲ್ಲಿ ಏನೆಲ್ಲ ಬರುವುದಿಲ್ಲ!
ಈ ದಕ್ಕೆಯನ್ನೇ ನೋಡು,
ಡಾಕ್‌ನಿಂದ ಬಂತು ಎಂದು ಒಬ್ಬ, ಧಕ್ಕಾದಿಂದ ಎಂದು ಇನ್ನೊಬ್ಬ.
ಬೋಟು ಎರಡಕ್ಕೂ ಕಟ್ಟಿಕೊಳ್ಳುತ್ತದೆ."

ಗೇಟಿನ ಹೊರಗೆ ಬೊಂಡ ಕೆತ್ತುತ್ತಿದ್ದ ದೂಮಣ್ಣ
ಒಂದನ್ನು ಒಡೆದು, ಸಿಪ್ಪೆಯ ಚಮಚದಲ್ಲಿ ಗಂಜಿ ಎಬ್ಬಿಸಿ ಚಾಚಿದ:
"ಇದುವಾ ನಿಮ್ಮ ನೆಶ್?"
ಇದೇ.
"ಮತ್ತೆ ಬೈಗುಳ ಯಾಕಾಯಿತು?"
ಯಾಕೆ ಅಂದರೆ.
ನಾವೂ ಎಳೆ ಸೌತೆ ಎಂದು ಬಾಯಲ್ಲಿ ನೀರೂರಿಸಿ
ಎಳಸು ಎಂದು ಮನುಷ್ಯನನ್ನು ಹೊರಗೆ ನಿಲ್ಲಿಸುತ್ತೇವೆ.
ಇಸುಬು ಏನೂ ಹೇಳಲಿಲ್ಲ. ಅಂಗೈ ನೋಡಿಕೊಂಡ.

ಅಪ್ಪ ಇದೇ ಪ್ಲಾಂಟಿನಲ್ಲಿ ಮೂವತ್ತೆರಡು ವರ್ಷ
ಬ್ಲಾಕ್ ಎಳೆದವರು. ನಡುಗಿದ್ದು ನಾನು ಕಂಡಿಲ್ಲ.
ಕೊನೆಯ ಏಪ್ರಿಲ್, ಗೋಡೆಯೂ ಬೆವರುವ ಸೆಕೆ,
ಚಳಿ ಆಗ್ತದೆ ಎಂದರು.
ಜ್ವರ ನೋಡಿದೆ, ಇರಲಿಲ್ಲ.
ನಾಟಕ ಬೇಡ ಎಂದೆ.
ಫ್ಯಾನ್ ನಾಲ್ಕರಿಂದ ಐದಕ್ಕೆ ತಿರುಗಿಸಿದ್ದು ನಾನೇ.
ಹೊದೆಯಲು ಒಂದು ಬೈರಾಸಾದರೂ ಕೊಟ್ಟಿದ್ದೆನೋ ಇಲ್ಲವೋ,
ಎಷ್ಟು ತಡಕಿದರೂ ನೆನಪಿಗೆ ಬರುವುದಿಲ್ಲ.
ಅದಕ್ಕೊಂದು ಪದ ಗೊತ್ತಿದ್ದಿದ್ದರೆ ಕೊಡುತ್ತಿದ್ದೆನಾ?
ಗೊತ್ತಿದ್ದರೆ
ಅದರಲ್ಲೇ ಬೈಯುತ್ತಿದ್ದೆ, ಬಹುಶಃ.

ಮೇ ಮೂವತ್ತೊಂದು. ನಾಳೆಯಿಂದ ಬೋಟು ಇಳಿಯುವುದಿಲ್ಲ,
ಎರಡು ತಿಂಗಳು ಕಂಪ್ರೆಸ್ಸರ್ ಬಂದ್.
ಯಾರಿಗೂ ಬೇಡವಾದ ಒಂದು ಬ್ಲಾಕ್
ಅಂಗಳದಲ್ಲಿ ಅಂಚು ಕಳಕೊಂಡು ಉರುಟಾಗುತ್ತಿತ್ತು.
ಇಸುಬು ಗೋಣಿ ತಂದು
ಅದಕ್ಕೆ ಕುತ್ತಿಗೆ ತನಕ ಹೊದೆಸಿದ,
ಕುತ್ತಿಗೆ ಇದ್ದ ಹಾಗೆ.

ನಾನು ಪುಸ್ತಕ ಮುಗಿಸಿದೆ:
ಬ್ಲಾಕ್ ೧೪೦. ಕರಗಿದ್ದು ೬. ಬಾಕಿ ೧.
ಕೊನೆಗೆ ಶರಾ ಎಂದೊಂದು ಕಾಲಂ, ಯಾವತ್ತೂ ಖಾಲಿ.
ಅಲ್ಲಿ ನೆಶ್ ಎಂದು ಬರೆಯತೊಡಗಿದೆ.
"ಯಾವ ಶ?" ಇಸುಬು ಹೆಗಲ ಮೇಲಿಂದ ಇಣುಕಿದ.

ಹೊಟ್ಟೆ ಸೀಳದೆ ಇದ್ದದ್ದು, ಎಂದೆ.