ಎರಡು ಡಬ್ಬಿ, ಒಂದು ಕುರ್ಚಿ

ಒಂಬತ್ತಡಿ ಅಗಲ, ಹತ್ತಡಿ ಉದ್ದ.
ಬೆಟಗೇರಿಯ ನಮ್ಮ ಮನಿಯೊಳಗ ಮಗ್ಗ ಇದ್ದ ಕೋಣಿ.
ಮಗ್ಗ ಬಿಚ್ಚಿ ಹನ್ನೊಂದು ವರ್ಷಾತು,
ಕುಣಿ ಮಾತ್ರ ಹಂಗ ಐತಿ,
ಮ್ಯಾಲ ಬೇವಿನ ಹಲಗಿ, ಹಲಗಿ ಮ್ಯಾಲ ಜಮಖಾನಿ.
ಇಲ್ಲೇ ಕೂತು ಹಾಡು ಕೇಳಬೇಕು ಅನ್ನೂದು ನನ್ನ ಹಟ.
ಚಂಪಾವತಿ ಕೇಳಿದ್ಲು: "ಹಟಕ್ಕ ಎಷ್ಟು ರೊಕ್ಕ?"

ಭಿಶಿ ಎತ್ತಿದ್ದು ಇಪ್ಪತ್ತೆರಡು ಸಾವಿರ.
ಹುಬ್ಬಳ್ಳಿ ಪ್ಯಾಸೆಂಜರ್ ಹತ್ತಿದ್ವಿ,
ಕಿಸೆದಾಗ ಕೋಣಿಯ ಅಳತಿ ಬರೆದ ಚೀಟಿ,
ಬೆರಳಿನಾಗ ವಾರ್ನಿಷ್ ವಾಸನಿ.
ಮೋಟರ್ ವೈಂಡಿಂಗ್ ಮಾಡಾಂವ ನಾನು.
ಸುಟ್ಟ ಪಂಪು ನನ್ನ ಕಡೆ ಬರತಾವ,
ತಿರುಗಿ ನೀರೆತ್ತಾಕ ಹೋಗತಾವ.
ಸ್ಪೀಕರಿನ ಹೊಟ್ಟಿಯೊಳಗೂ ಅದ ತಾಮ್ರ, ಅದ ಅಯಸ್ಕಾಂತ;
ತಿರುಗೂದಿಲ್ಲ, ನಡಗತೈತಿ, ಅಷ್ಟ.

ಕೊಪ್ಪೀಕರ ರಸ್ತೆದ ಅಂಗಡ್ಯಾಗ ತೌಸೀಫ ಅನ್ನೂ ಹುಡುಗ
ಮೊದಲಿಗೆ ಒಂದು ಡೋಲಿನ ಹಾಡು ಹಚ್ಚಿದ.
ಕಪಾಟಿನ ಗಾಜು ಅದುರಿದ್ವು.
"ಬಾಸ್ ನೋಡ್ರಿ ಕಾಕಾ!"
ಬಾಸ್ ನಮ್ಮನ್ಯಾಗ ನೆಲದ ಕೆಳಗ ಐತೆಪ್ಪ,
ಇನ್ನೊಂದು ತೋರಿಸು.

ಆರೂವರೆ ಇಂಚಿನವಕ್ಕ ಬೆನ್ನಿಗೆ ತೂತು.
ಗ್ವಾಡಿ ಬಿಟ್ಟು ಎರಡಡಿ ಮುಂದ ಇಡಬೇಕಂತ.
ನನ್ನ ಕೋಣ್ಯಾಗ ಎರಡಡಿ ಮುಂದ ಅಂದ್ರ
ಅವು ಬಂದು ನನ್ನ ತೊಡಿ ಮ್ಯಾಲ ಕೂತಂಗ.
ಇನ್ನೊಂದು ಜೋಡಿ ಭಾಳ ಚಂದ, ಬೆಳ್ಳಗ ಹೊಳಿತಿತ್ತು,
ಹಾಡಾಕಿ ಬಾಯಾಗಿನ 'ಸ' ಒಂದೊಂದೂ ಸೂಜಿ ಆತು.

ಮೂಲ್ಯಾಗ ಧೂಳು ಹೊತ್ತು ಕುಂತಿದ್ವು ನಾಕಿಂಚಿನವು,
ಮುಂದ ಉಸಿರಾಡಾಕ ಸಣ್ಣ ಸೀಳು,
ಬಣ್ಣ ಹಳೇ ಬೆಲ್ಲದ್ದು.
ಚಂಪಾವತಿ ಬಗ್ಗಿ, ಬೆರಳ ಗೆಣ್ಣಿನಿಂದ ಬಡಿದ್ಲು,
ಸಂತ್ಯಾಗ ಗಡಿಗಿ ಬಡಿದಂಗ.
ಕಪ್ಪನ್ನವು ಟೊಂಯ್ ಅಂದ್ವು. ಇವು ಟಕ್.
"ಗಡಿಗಿಗೆ ದನಿ ಇರಬೇಕು," ಅಂದ್ಲು,
"ಇದಕ್ಕ ಇರಬಾರದು, ಅಲ್ಲಾ?
ತನ್ನದ ಊದಾಕ ಹತ್ತಿದ್ರ ಮಂದೀದು ಹೆಂಗ ಹೇಳೀತು?"
ತೌಸೀಫ ಬಾಯಿ ಮುಚ್ಚಿದ. ಬಿಲ್ ಬರೆದ.

ಮಗ್ಗದ ಕಂಬ ಕೊಯ್ಸಿ ಎರಡು ಮಣಿ ಮಾಡಿಸಿದೆ, ಕಿವಿ ಎತ್ತರಕ್ಕ.
ಮೊದಲ ದಿನ ಮಧ್ಯಾಹ್ನ ಮುಲ್ತಾನಿ.
ತಂಬೂರಿ ಮೀಟಿದ್ದ ತಡ
ಹಲಗಿ ಕೆಳಗಿಂದ ಕುಣಿ ತಾನೂ ಶ್ರುತಿ ಹಿಡೀತು,
ಅರ್ಧ ಗೇಣು ಕೆಳಗ, ಗುಂಯ್ ಅಂತ.
ಮೂರು ಚೀಲ ಉಸುಕು ಸುರುವೂಣು ಅಂದೆ.
"ಅತ್ತಿ ಕಾಲು ಇದ್ದ ಜಾಗಾ. ಉಸುಕು ಬ್ಯಾಡ."
ಒಂಬತ್ತು ಹಳೇ ಕೌದಿ, ಒಂದು ಚೀಲ ಚಿಂದಿ ನೂಲು
ತಾನ ಇಳಿದು ತುರುಕಿದ್ಲು.
ಮ್ಯಾಲ ಬಂದಾಗ ಮೂಗಿನ ತುದಿಗೆ ಕೆಂಪು ಎಳಿ.

ಆಮ್ಯಾಲ ಆತು ನೋಡ್ರಿ.
ದನಿ ಎರಡೂ ಡಬ್ಬಿ ಬಿಟ್ಟು ಎದ್ದು
ನಡುವಿನ ಖಾಲಿ ಗ್ವಾಡಿ ಮುಂದ ಬಂದು ಕುಂತಿತು.
ಹಾಡಾಕಿ ಉಗುಳು ನುಂಗಿದ್ದು ಕೇಳಿತು,
ಹಿಂದ ಯಾರೋ ಬಳಿ ಸರಿಸಿದ್ದು ಕೇಳಿತು.
"ಅಲ್ಲೇ ಕುಂತಾಳ!" ಅಂದೆ.
ಬಾಜೂಕ ಕುಂತಿದ್ದ ಚಂಪಾವತಿ ಅಂದ್ಲು,
"ನನಗ ಎಡಗಡೆ ಡಬ್ಬ್ಯಾಗ ಸಿಕ್ಕೊಂಡಾಳ."

ಇಪ್ಪತ್ತೆರಡು ಸಾವಿರಕ್ಕ ಸರಿಯಾದ ಜಾಗಾ ಒಂದ ಅಂತ
ಅಂಗಡ್ಯಾಗ ಯಾರೂ ಹೇಳಲಿಲ್ಲ.

ಒಂದು ವಾರ ಪಾಳಿ ಹಚ್ಚಿದ್ವಿ.
ಆಕಿ ಆಲಾಪ ಕೇಳೂ ಮುಂದ ನಾನು ಬಾಗಲದಾಗ ಚಾ ಹಿಡಕೊಂಡು,
ನಾನು ಕೇಳೂ ಮುಂದ ಆಕಿ ಅಡಗಿಮನ್ಯಾಗ
ಬೇಕಂತ ಭಾಂಡಿ ಬಡೀತಾ.
ಎಂಟನೇ ದಿನ ಸ್ಟೂಲ್ ಎಳಕೊಂಡು ಬಂದು
ಕುರ್ಚಿಯ ಬೆನ್ನಿಗೆ ಹಚ್ಚಿ ಕುಂತ್ಲು,
ಲೂನಾ ಮ್ಯಾಲ ಹುಲಕೋಟಿಗೆ ಹೋಗತಿದ್ವಲ್ಲ, ಹಂಗ.
"ಮುಂದ ನೋಡ್ರಿ," ಅಂದ್ಲು.

ಈಗ ಇಬ್ಬರಿಗೂ ನಟ್ಟನಡುವ.
ದ್ರುತ್ ಬಂತಂದ್ರ ನನ್ನ ಹೆಗಲ ಮ್ಯಾಲ ತಾಳ ಹಾಕತಾಳ,
ಒಂದು ಮಾತ್ರಿ ಹಿಂದ.
ನಿಮ್ಮ ತಲಿ ಅಡ್ಡ ಬರತೈತಿ, ಬಗ್ಗರಿ, ಅಂತಾಳ.
ಬಗ್ಗೇನಿ.