ಹಳತು ಮಾಡುವವಳು

ಹೊಸದನ್ನು ಹಳತು ಮಾಡುವುದು ನನ್ನ ಕಸುಬು.
ವಾಟ್‌ಫರ್ಡಿನ ಆಚೆ, ಹಿಂದೆ ವಿಮಾನ ನಿಲ್ಲಿಸುತ್ತಿದ್ದ ಶೆಡ್ಡಿನಲ್ಲಿ
ಚೀಸು ತುರಿಯುವ ಮಣೆ, ತಂತಿಯ ಬ್ರಷ್ಷು,
ಒಂದು ಬಕೆಟ್ ಕಡು ಚಹಾ.
ಸಂಬಳದ ಚೀಟಿಯಲ್ಲಿ ಎನಿಡ್ ಗಾರ್‌ಸೈಡ್, ವಸ್ತ್ರವಿಭಾಗ.
ಪರದೆಯ ಮೇಲೆ ಆ ಹೆಸರು ಬರುವಷ್ಟರಲ್ಲಿ
ಜನ ಎದ್ದು ಕೋಟು ಹುಡುಕುತ್ತಿರುತ್ತಾರೆ.

ಮೂವತ್ತೊಂದು ವರ್ಷದ ಹಿಂದೆ
ಆ ಅಂಬಿಗನ ಕೋಟು ಹಳತು ಮಾಡಿದ್ದು ನಾನೇ.
ಉಪ್ಪಿನ ಸಮುದ್ರ, ಮುರುಕು ದೋಣಿ,
ಉಟ್ಟಬಟ್ಟೆಯಲ್ಲಿ ಓಡಿಬಂದ ರಾಣಿ, ಬೆನ್ನ ಹಿಂದೆ ಸೈನ್ಯ.
ಅವನೋ, "ಮೊದಲು ಬಾಡಿಗೆ" ಅಂದ.
ಇಡೀ ಥಿಯೇಟರು ನಕ್ಕಿತು,
ನಗುತ್ತ ನಗುತ್ತಲೇ ಅವನ ದೋಣಿ ಹತ್ತಿತು.

ಕೋಟಿನ ಬಲಜೇಬಿಗೆ ಎರಡು ಗುಂಡುಕಲ್ಲು ಹಾಕಿ
ಒದ್ದೆ ಮಾಡಿ ಮೂರು ದಿನ ನೇತುಹಾಕಿದ್ದೆ.
ಚಿಲ್ಲರೆ ಎಣಿಸುವ ಮನುಷ್ಯ, ಕೈ ಸದಾ ಅಲ್ಲೇ ಇರಬೇಕು.
ಬೂಟಿನ ಎಡ ಹಿಮ್ಮಡಿ ಬೇಕೆಂದೇ ಹೆಚ್ಚು ಸವೆಸಿದೆ.
ನನ್ನಪ್ಪ ಹ್ಯಾಲಿಫ್ಯಾಕ್ಸಿನ ಬಸ್ಸುಗಳಲ್ಲಿ ಟಿಕೆಟ್ಟು ಹರಿಯುತ್ತಿದ್ದ,
ತಿರುವು ಬಂದಾಗ ಆ ಕಾಲೂರಿ ನಿಲ್ಲುತ್ತಿದ್ದ.
ಇದನ್ನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.
ಕ್ಯಾಮೆರಾ ಬೂಟಿನವರೆಗೆ ಇಳಿದದ್ದು ಒಂದೇ ಸಲ.

ಹೋದ ಜನವರಿಯಲ್ಲಿ ಮತ್ತೆ ಕರೆ ಬಂತು.
ಅದೇ ಸಮುದ್ರ. ಕಥೆ ಮಾತ್ರ
ಅಂಬಿಗ ಹುಟ್ಟುವುದಕ್ಕೂ ಮುಂಚಿನದು.
ಕಂಬಿಯ ತುಂಬ ನಿಲುವಂಗಿ:
ಮಂತ್ರಿ, ಮಹಾಮಂತ್ರಿ, ಮಂತ್ರಿಯ ಗುರು,
ಮುಂದೆ ಕ್ರೂರಿಯಾಗಲಿರುವ ಹುಡುಗನದೊಂದು,
ಅಳತೆ ಸಣ್ಣದು, ಬಣ್ಣ ಆಗಲೇ ಕಪ್ಪು.
ನಾನು ಬ್ರಷ್ಷು ಎತ್ತಿದ್ದೇ ತಡ, ಪಿಯರ್ಸ್ ಓಡಿಬಂದ:
"ಬೇಡ ಎನಿಡ್, ಬೇಡ! ಇದು ಮೊದಲಿನ ಕಾಲ.
ಆಗ ಎಲ್ಲವೂ ಹೊಸದು."

ಒಳ್ಳೆಯ ಹುಡುಗ.
ಅವನು ಹುಟ್ಟುವ ಮೊದಲೂ ಹೊಸ ಬೂಟು ಕಚ್ಚುತ್ತಿತ್ತು,
ಮಂತ್ರಿಗಳ ಕಂಕುಳೂ ಬೆವರುತ್ತಿತ್ತು
ಎಂದು ಹೇಳಬೇಕೆನಿಸಿತು.
ಬಕೆಟ್ಟಿನಲ್ಲಿ ಚಹಾ ಆರಿತು.

ಹಸಿರು ಬಟ್ಟೆಯ ಮುಂದೆ ನಿಂತು ಅವರು ಮಾತಾಡಿದರು.
ವಂಶ, ವಚನ, ಸಮತೋಲ.
ಯಾರಿಗೂ ಹಸಿವಾಗಲಿಲ್ಲ,
ಯಾರೂ ಯಾರಿಗೂ ದುಡ್ಡು ಕೊಡಬೇಕಿರಲಿಲ್ಲ.
ಏನ್ರಪ್ಪಾ ಇದು ಹುಚ್ಚು ಎನ್ನುವ
ಒಂದು ಬಾಯಿಯೂ ಇರಲಿಲ್ಲ ಆ ಅರಮನೆಯಲ್ಲಿ.
ರಾಣಿಯ ಪಾತ್ರದ ಹುಡುಗಿಗೆ ನೆಗಡಿ.
ಊಟದ ಬಿಡುವಿನಲ್ಲಿ ನನ್ನ ಕಾರ್ಡಿಗನ್ ಬೇಡಿ ಹೊದ್ದು
ಮೂಗೊರೆಸಿಕೊಳ್ಳುತ್ತ ತಣ್ಣಗಾದ ಬೀನ್ಸ್ ತಿಂದಳು,
ಮುಂದಿನ ತಿಂಗಳು ಕೆಲಸ ಇದೆಯೋ ಇಲ್ಲವೋ ಅಂದಳು.
ಆ ಇಪ್ಪತ್ತು ನಿಮಿಷ
ಅವಳ ಹಿಂದೆ ಸೈನ್ಯ ಬರುತ್ತಿದೆ ಎಂದರೂ ನಂಬುತ್ತಿದ್ದೆ.

ಚಿತ್ರ ಬಂತು. ಅಕ್ಕನ ಮೊಮ್ಮಗ ಬಾರ್ನಬಿಯನ್ನು ಕರೆದುಕೊಂಡು ಹೋದೆ.
ಪರದೆಯ ಮೇಲಿದ್ದ ಅಷ್ಟೂ ಜನರ ಹಣೆಬರಹ
ಕೆಳಗೆ ಕೂತವರಿಗೆಲ್ಲ ಬಾಯಿಪಾಠ.
ಹೋಗಲಿ, ಗೊತ್ತಿರುವ ಕಥೆಗೂ ಕಣ್ಣೀರು ಬರುವುದುಂಟು.
ಆದರೆ ಅವರಿಗೂ ಗೊತ್ತಿದ್ದ ಹಾಗಿತ್ತು!
ತಮ್ಮದೇ ಶಿಲಾಪ್ರತಿಮೆಗೆ ಅಳತೆ ಕೊಡಲು ಬಂದವರಂತೆ
ನಿಂತೇ ಇದ್ದರು, ಎರಡೂವರೆ ತಾಸು.
ನಾಳೆ ತಿಳಿದವನ ಪಕ್ಕದಲ್ಲಿ ಹೇಗೆ ಕೂರುವುದು?
ಅಂಬಿಗನಿಗೆ ಆ ಸಂಜೆಯೇ ಗೊತ್ತಿರಲಿಲ್ಲ.
ಅವನು ತಡವರಿಸಿದಲ್ಲೆಲ್ಲ ನಮಗೆ ಜಾಗವಿತ್ತು.

ಅಥವಾ ಆಗ ನನಗೆ ಮೂವತ್ತಮೂರು, ಅಷ್ಟೇ ಇರಬಹುದು.

ಒಂದು ಕಳ್ಳತನ ಮಾಡಿದ್ದೇನೆ.
ಕೊನೆಯ ವಾರ, ಪಿಯರ್ಸ್ ಮನೆಗೆ ಹೋದ ಮೇಲೆ,
ಸಿಂಹಾಸನದ ಬಾಗಿಲಿಗೆ ಮಾತಿಲ್ಲದೆ ನಿಲ್ಲುವ ಕಾವಲಿನವನ ಬೂಟು ತೆಗೆದು
ಎಡ ಹಿಮ್ಮಡಿ ತುರಿದೆ.

ದೀಪ ಹತ್ತಿತು. ಹೆಸರುಗಳು ಏರತೊಡಗಿದವು.
ಬಾರ್ನಬಿ ಕೋಟಿಗೆ ಕೈ ತೂರಿಸುತ್ತ ಕೇಳಿದ:
"ಬಾಗಿಲ ಹತ್ತಿರ ಒಬ್ಬ ಇದ್ದನಲ್ಲ, ಕಾಲು ನೋಯ್ತಿತ್ತಲ್ಲ,
ಅವನು ಆಮೇಲೆ ಮನೆಗೆ ಹೋದ್ನಾ?"

ಗೊತ್ತಿಲ್ಲ ಕಣೋ, ಅಂದೆ.
ನಿಜವಾಗಿ ಗೊತ್ತಿರಲಿಲ್ಲ.