ಉಗುರಿನಷ್ಟು ಸುಣ್ಣ

ಕೋಡಿಬಾಗದ ಲ್ಯಾಬಿನಲ್ಲಿ ನನ್ನದು ರಾತ್ರಿಪಾಳಿ.
ಆರು ತೊಟ್ಟಿ. ಮೂರರಲ್ಲಿ ಇಂದಿನ ಕಾಳಿ,
ಮೂರರಲ್ಲಿ ಮೊಮ್ಮಕ್ಕಳ ಕಾಲದ್ದು:
ಎರಡು ಡಿಗ್ರಿ ಹೆಚ್ಚು ಬಿಸಿ, ತುಸು ಹುಳಿ.

ಬಿಸಿ ತಾಕಿದ್ದೇ ತಡ
ಬಳಚು ಹುಣ್ಣಿಮೆಗೂ ಕಾಯಲಿಲ್ಲ,
ತಿಂಗಳು ಮುಂಚೆಯೇ ಬಾಯಿಬಿಟ್ಟವು.
ಹಾಲು ಚೆಲ್ಲಿದಂತೆ ಗಂಡಿನದು,
ಹಿಟ್ಟು ಉದುರಿದಂತೆ ಹೆಣ್ಣಿನದು.
ಕೂಡಿದವು. ಮೊದಲ ದಿನ ಎಲ್ಲ ಸರಿಯೇ ಇತ್ತು.

ಎರಡನೆಯ ರಾತ್ರಿ ಸೂಕ್ಷ್ಮದರ್ಶಕದಡಿ ಎಣಿಸಿದೆ:
ಇಲ್ಲಿನವು ಅವರೆಬೇಳೆಯಂತೆ ಚಿಪ್ಪು ಕಟ್ಟಿವೆ.
ಅಲ್ಲಿನವು
ಕಿರುಗೂದಲು ಬೀಸುತ್ತ ಸುಮ್ಮನೆ ತಿರುಗುತ್ತಿವೆ,
ಮೈಮೇಲೆ ಏನೂ ಇಲ್ಲ.
ನೂರಕ್ಕೆ ಅರವತ್ತೇಳು.
ಮತ್ತೆ ಎಣಿಸಿದೆ. ಅರವತ್ತೆಂಟು.

ಬೆಳಿಗ್ಗೆ ಸುಂಕೇರಿ ಸಂಕದ ಕೆಳಗೆ, ಇಳಿತದಲ್ಲಿ,
ಮೊಣಕಾಲುಮಟ್ಟ ಕೆಸರಲ್ಲಿ ಬುದವಂತಿ ಚಿಕ್ಕಿ.
ಹೇಳಿದೆ.
ಬೊಗಸೆ ನೀರೆತ್ತಿ ನಾಲಿಗೆಗೆ ಹಚ್ಚಿ ಉಗಿದಳು.
“ಹುಳಿಯಂತೆ ಹುಳಿ! ಉಪ್ಪೇ ಅಲ್ವನಾ?”
“ನಿನ್ನ ನಾಲಿಗೆಗೆ ತಿಳಿಯದಷ್ಟು, ಚಿಕ್ಕಿ.
ಮರಿಗೆ ಸುಣ್ಣ ಸಿಕ್ಕುವುದಿಲ್ಲ, ಅಷ್ಟೆ.”

ಸುಣ್ಣದ ಗೂಡಿಗೆ ಚಿಪ್ಪು ಹೊತ್ತವಳು ಅವಳು,
ಒಂದೆರಡು ವರ್ಷವಲ್ಲ.
ಕಡಲಿಗೇ ಸುಣ್ಣದ ಬರವೆಂದರೆ
ನಂಬುವುದು ಹೇಗೆ?
ಸೊಂಟದ ಚೀಲ ಬಿಚ್ಚಿ ಎಲೆ ತೆಗೆದಳು,
ಡಬ್ಬಿಗೆ ಬೆರಳಿಟ್ಟಳು.
ಉಗುರಿನಷ್ಟು ಸುಣ್ಣ
ಎಲೆಯತ್ತ ಹೋಗುತ್ತ ಹೋಗುತ್ತ ನಿಂತಿತು.
ಬಗ್ಗಿ, ಬೆರಳನ್ನು ನೀರಿಗೆ ಅದ್ದಿ ಕಲಕಿದಳು.

ಅವಳು ನಗಲಿಲ್ಲ. ನಾನೂ.
ಬಿಳಿಯ ಎಳೆಯೊಂದು ಹರಿದು
ಕಂಬದ ನೆರಳು ಮುಟ್ಟುವ ಮುಂಚೆ
ನೀರೇ ಆಯಿತು.

ಬರಿ ಎಲೆ, ಬರಿ ಅಡಿಕೆ ಜಗಿಯುತ್ತ
ಬುಟ್ಟಿ ಎಳೆದುಕೊಂಡು ಮುಂದೆ ಹೋದಳು.
ಮಧ್ಯಾಹ್ನ ಮೀನುಪೇಟೆಯಲ್ಲಿ ಸಿಕ್ಕಾಗ ನೋಡಿದೆ:
ಬಾಯಿ ಕೆಂಪಾಗಿರಲಿಲ್ಲ.